ಒಂಟಿ ಮೀನಿಗೆ ನಾನು ತಂದ ಜೊತೆ

ತಂಗಿಯ ಮನೆಯ ಬೀಗದ ಕೈ ಹೋದ ವರ್ಷದವರೆಗೂ ನನ್ನ ಜೇಬಿನಲ್ಲೇ ಇರುತ್ತಿತ್ತು. ಈಗ ಇಲ್ಲ. ಯಾಕಿಲ್ಲ ಎಂದು ಹೆಂಡತಿ ಕೇಳಿದಾಗ ಏನೋ ಹೇಳಿ ಜಾರಿಕೊಂಡೆ. ಇಲ್ಲಿಯಾದರೂ ಜಾರಿಕೊಳ್ಳಬಾರದು ಅಂದುಕೊಂಡಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಗುಂಡ್ಲುಪೇಟೆಯ ಮಂಡಿಯಲ್ಲಿ ತಕ್ಕಡಿ ಹಿಡಿದೆ. ಈಗಲೂ ಅದೇ ಕೆಲಸ. ಟೊಮೇಟೊ, ಬೀನ್ಸ್, ಬಾಳೆಕಾಯಿ ತುಂಬಿದ ನಮ್ಮ ಪಿಕಪ್ ಕಾಡಂಚಿನ ಮದ್ದೂರು ಗೇಟು ದಾಟಿ ಕೇರಳಕ್ಕೆ ಹೋಗಿಬರುತ್ತದೆ. ತಂಗಿಯನ್ನು ಮಾತ್ರ ಓದಿಸಿದೆ. ಅವಳು ಚಾಮರಾಜನಗರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ, ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮದುವೆ ಮಾಡಿದ್ದೆ. ಜಮೀನಿದ್ದ ಮನೆ, ನಮ್ಮ ಪೈಕಿಯೇ. ಎರಡು ವರ್ಷಕ್ಕೆ ಬಿಟ್ಟು ಬಂದಳು. ಗಂಡ ಹೊಡೆಯುವವನಲ್ಲ, ಆದರೆ ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಿದ್ದ. ಅವಳು ಬಡಿಸಿದ ತಟ್ಟೆಯನ್ನು ಕಾಲಿನಿಂದ ಸರಿಸುತ್ತಿದ್ದ.

ಅವಳಿಗೆ ಮೀನಿನ ಹುಚ್ಚು ಹಿಡಿದಾಗ ನಾನು ನಕ್ಕಿದ್ದೆ. ಅದೂ ಸಮುದ್ರದ ಮೀನು. ಬಕೆಟ್ಟಿನಲ್ಲಿ ಬರುವ ಅದಕ್ಕೆಂದೇ ಇರುವ ಉಪ್ಪನ್ನು ಫಿಲ್ಟರ್ ನೀರಿಗೆ ಕಲಸಿ, ಎರಡಡಿ ಉದ್ದದ ಗಾಜಿನ ತೊಟ್ಟಿ ತುಂಬಿಸಿ, ತೂತುತೂತಿನ ಕಲ್ಲು ಜೋಡಿಸಿಟ್ಟಳು. ನೀರು ಅಲ್ಲಾಡಿಸಲು ಮೋಟಾರು, ಮೇಲೊಂದು ನೀಲಿ ಲೈಟು. ಒಂದು ತಿಂಗಳು ದಾಟಿದರೂ ಒಳಗೆ ಒಂದು ಮೀನಿಲ್ಲ.

"ಏನಮ್ಮಿ, ಕಲ್ಲು ಸಾಕ್ತಿದ್ದೀಯಾ?" ಅಂದೆ.

"ನೀರು ಹದಕ್ಕೆ ಬರಬೇಕಣ್ಣ. ಮೀನಿನ ಗಲೀಜು ತಿನ್ನೋ ಕ್ರಿಮಿ ಆ ಕಲ್ಲಲ್ಲಿ ಬೆಳೀಬೇಕು. ಈಗಲೇ ಮೀನು ಬಿಟ್ರೆ ಸತ್ತೋಗ್ತವೆ."

"ಮೊಸರಿಗೆ ಹೆಪ್ಪಾಕ್ದಂಗೆ ಅನ್ನು."

"ಹೂಂ, ಹಂಗೇ. ನೀನು ಬಂದು ಬಂದು ಕೈ ಹಾಕ್ಬೇಡ ಅಷ್ಟೇ."

ಆಮೇಲೆ ಒಳಗೆ ಯಾರನ್ನು ಬಿಡುವುದು ಅನ್ನುವ ಯೋಚನೆ ಶುರುವಾಯಿತು. ಭಾನುವಾರ ಸೊಪ್ಪು ತರಕಾರಿ ಕೊಡಲು ಹೋದರೆ ಫೋನಿನಲ್ಲಿ ಮೀನಿನ ಚಿತ್ರ ತೋರಿಸುತ್ತಿದ್ದಳು. ಬಟ್ಟಲಗಲದ ನೀಲಿ ಮೀನೊಂದನ್ನು ನೋಡಿ, ಇದನ್ನೇ ತಗೋ ಅಂದೆ. ಅದು ಸದಾ ಉದ್ದಕ್ಕೂ ಈಜಾಡುವ ಜಾತಿ, ಈ ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲ ಅಂದಳು. ಪಟ್ಟೆಪಟ್ಟೆಯದು? ಅದು ಹವಳವನ್ನು ಕಿತ್ತು ತಿನ್ನುತ್ತದೆ. ಕೆಂಪು ಗರಿಯದು? ಬಾಯೊಳಗೆ ಹಿಡಿಯುವುದನ್ನೆಲ್ಲ ನುಂಗುತ್ತದೆ.

"ಹುಡುಗಿ ನೋಡಕ್ಕೆ ಬಂದ ಅತ್ತೆಯಂಗೆ ಎಲ್ಲದ್ರಲ್ಲೂ ಕೊಂಕು ತೆಗೀತೀಯಲ್ಲಮ್ಮಿ! ಜಾತಕನೂ ನೋಡ್ತೀಯಾ?"

"ಜಾತಕ ನೋಡಲ್ಲ," ಅಂದಳು, ಫೋನಿನಿಂದ ತಲೆಯೆತ್ತದೆ. "ಯಾರ ಜೊತೆ ಯಾರು ಬಾಳ್ತಾರೆ ಅಂತ ನೋಡ್ತೀನಿ."

ನಾನು ಕಾಫಿ ಕುಡಿದು ಎದ್ದೆ.

ಕೊನೆಗೆ ಅವಳ ತೊಟ್ಟಿಗೆ ಬಂದವರು ಕೆಲವರೇ. ಬಿಳಿ ಪಟ್ಟೆಯ ಕಿತ್ತಳೆ ಮೀನಿನ ಜೋಡಿ, ಕಲ್ಲಿನ ಪಾಚಿ ಮೇಯಲು ಬಸವನಹುಳುಗಳು, ಮೀನಿನ ಮೈ ಸ್ವಚ್ಛ ಮಾಡುವ ಒಂದು ಸಿಗಡಿ, ಅಂಗಿಯ ಗುಂಡಿಯಂತೆ ಅರಳುವ ಸಣ್ಣ ಹವಳ. ಎಲ್ಲರಿಗಿಂತ ಕೊನೆಗೆ ಬೆರಳುದ್ದದ ಇನ್ನೊಂದು ಮೀನು. ಮುಂದಿನ ಅರ್ಧ ಬಿಳುಪು, ಬಾಲದ ಕಡೆಗೆ ಬೆಂಕಿ ಹತ್ತಿದಂಥ ಕೆಂಪು, ಬೆನ್ನ ಮೇಲೆ ಕಡ್ಡಿಯಂತೆ ನೆಟ್ಟಗೆ ನಿಂತ ರೆಕ್ಕೆ. ನೀರಿನ ಎದುರಿಗೆ ಮುಖ ಮಾಡಿ ನಿಂತಲ್ಲೇ ನಿಂತು, ಆ ಕಡ್ಡಿಯನ್ನು ಪಟ್ ಪಟ್ ಎಂದು ಆಡಿಸುತ್ತಿತ್ತು. ಮೊದಲು ಕಲ್ಲಿನ ಸಂದಿಯಿಂದ ಹೊರಗೇ ಬರಲಿಲ್ಲ. ತಿಂಗಳುಗಳು ಕಳೆದ ಮೇಲೆ ತಂಗಿಯ ಬೆರಳ ತುದಿಯಿಂದ ತಿನ್ನುವಷ್ಟು ಧೈರ್ಯ ಬಂತು. ಆ ದಿನ ಅವಳು ಶಾಲೆಯಿಂದಲೇ ಫೋನ್ ಮಾಡಿ ಹೇಳಿದ್ದಳು. ಗಂಡನ ಮನೆಯಿಂದ ಬಂದ ಮೇಲೆ ಅಷ್ಟು ಗೆಲುವಾಗಿದ್ದ ಅವಳ ದನಿ ನಾನು ಕೇಳಿರಲಿಲ್ಲ.

ನನಗೆ ಮಾತ್ರ ಅದು ಒಂಟಿಯಾಗಿರುವುದು ಕಣ್ಣಿಗೆ ಚುಚ್ಚುತ್ತಿತ್ತು. ನಮ್ಮ ಮನೆಯಲ್ಲಿ ಒಂಟಿ ಬಾಳೆಹಣ್ಣು ಯಾರ ಕೈಗೂ ಕೊಡುವುದಿಲ್ಲ. ತಾಂಬೂಲಕ್ಕೆ ಎಲೆ ಎರಡು, ಅಡಿಕೆ ಎರಡು. ಮಂಡಿಯಲ್ಲಿ ಸಹ, ಮನೆಗೆ ಒಯ್ಯಲು ಯಾರಾದರೂ ಒಂದು ಕುಂಬಳಕಾಯಿ ಕೇಳಿದರೆ ಜೊತೆಗೊಂದು ನಿಂಬೆಹಣ್ಣಾದರೂ ಇಟ್ಟು ಕಳಿಸುವವನು ನಾನು.

"ಇದಕ್ಕೊಂದು ಜೊತೆ ಬ್ಯಾಡ್ವಾ?" ಎಂದು ಕೇಳಿದ್ದೆ.

"ಅದಕ್ಕೆ ಹಂಗಿರೋದೇ ಇಷ್ಟ," ಅಂದಳು.

ಒಂಟಿ ಹೆಂಗಸರು ಹೇಳುವ ಮಾತು ಅಂದುಕೊಂಡು ಸುಮ್ಮನಾದೆ. ಸುಮ್ಮನಾದೆ ಅಂದರೆ, ಅವಳೆದುರಿಗೆ.

ಪರೀಕ್ಷೆಯ ಪೇಪರ್ ತಿದ್ದಲು ಅವಳು ಮೂರು ದಿನ ಮೈಸೂರಿಗೆ ಹೋಗಬೇಕಾಯಿತು. ಒಂದು ಚಿಟಿಕೆ ಆಹಾರ ಹಾಕಬೇಕು, ಆವಿಯಾಗಿ ಇಳಿದಷ್ಟು ಉಪ್ಪಿಲ್ಲದ ನೀರನ್ನು ಗಾಜಿನ ಮೇಲಿನ ಗೆರೆಯವರೆಗೆ ಸುರಿಯಬೇಕು ಎಂದು ಹೇಳಿಕೊಟ್ಟಳು. ಸೊಳ್ಳೆಬಲೆಯನ್ನು ಚೌಕಟ್ಟಿಗೆ ಬಿಗಿದು ಮಾಡಿದ್ದ ಮುಚ್ಚಳ ತೋರಿಸಿ, "ಇದನ್ನ ಮಾತ್ರ ಸರಿಯಾಗಿ ಮುಚ್ಚಣ್ಣ. ಕೆಂಪು ಬಾಲದ್ದು ಹೆದರಿದ್ರೆ ಎಗರಿಬಿಡುತ್ತೆ," ಅಂದಳು.

ಅವಳು ವಾಪಸ್ ಬರುವುದರೊಳಗೆ ಜೋಡಿ ಮಾಡಿಟ್ಟು ಚಕಿತಗೊಳಿಸಬೇಕು ಎಂದು ನನ್ನ ಆಸೆ. ಕೇರಳದ ಕೋಳಿಕ್ಕೋಡಿಗೆ ಲೋಡು ಒಯ್ದಿದ್ದ ನಮ್ಮ ಡ್ರೈವರಿಗೆ ಅದರ ಫೋಟೋ ಕಳಿಸಿ, ಅಂಥದ್ದೇ ಒಂದು ತರಲು ಹೇಳಿದೆ. ಅವನು ಅಲ್ಲಿಯ ಸಾಕುಮೀನಿನ ಅಂಗಡಿಯಿಂದ ಫೋನ್ ಮಾಡಿದ.

"ಅಣ್ಣೋ, ಲಿಂಗ ಕಟ್ಟಿರೋರ ಮನೆಗೆ ಮೀನು ತಂದ ಪಾಪ ನಂಗ್ಯಾಕಣ್ಣ?"

"ತಿನ್ನಕ್ಕಲ್ಲ ಕಣ್ಲಾ, ನೋಡಕ್ಕೆ. ರಾತ್ರಿಗೆ ಕಾಡಿನ ಗೇಟ್ ಹಾಕೋದ್ರೊಳಗೆ ಬಂದ್ಬುಡು."

"ತಡಿಯಣ್ಣ, ಅಂಗಡಿಯೋರು ಏನೋ ಕೇಳ್ತಾವ್ರೆ. ತೊಟ್ಟೀಲಿ ಇದೇ ಜಾತೀದು ಈಗಾಗ್ಲೇ ಅದಾ ಅಂತ."

ಯಾಕೆ ಕೇಳುತ್ತಿದ್ದಾರೆ ಎಂದು ನಾನು ಕೇಳಬಹುದಿತ್ತು. ತಂಗಿಗೆ ಒಂದು ಫೋನ್ ಮಾಡಬಹುದಿತ್ತು. ಇದೆ ಅಂದರೆ ಕೊಡುವುದಿಲ್ಲವೇನೋ ಎಂಬ ಅನುಮಾನ ಬಂತು. "ಇಲ್ಲ ಅನ್ನು," ಅಂದೆ.

ಮರುದಿನ ಥರ್ಮಕೋಲ್ ಡಬ್ಬದಲ್ಲಿ ಬಂದ ಆ ಮೀನನ್ನು, ತಂಗಿ ಮಾಡುತ್ತಿದ್ದ ಹಾಗೆಯೇ, ಅದು ಬಂದ ನೀರಿಗೆ ಸಣ್ಣ ಪೈಪಿನಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸಿ, ಹೊಸ ಸೊಸೆಯನ್ನು ಒಳಗೆ ಕರೆದ ಹಾಗೆ ಮೆಲ್ಲಗೆ ಬಿಟ್ಟೆ. ಥೇಟ್ ಅದೇ ರೂಪು, ಅದೇ ಅಳತೆ. ಎರಡೂ ಎದುರಾಬದುರಾ ನಿಂತು ಬೆನ್ನಿನ ಕಡ್ಡಿ ಎತ್ತಿದವು. ಗುರುತು ಹಿಡಿದವು ಎಂದು ಖುಷಿಪಟ್ಟೆ. ಅಷ್ಟರಲ್ಲೇ ಹೊಸದು ಹಳೆಯದರ ಮೇಲೆ ನುಗ್ಗಿತು. ಕಚ್ಚಿತು, ಮೂಲೆಗೆ ಒತ್ತಿತು, ಅದರ ಸಂದಿಯನ್ನು ತಾನು ಹಿಡಿಯಿತು.

"ಹೊಸದ್ರಲ್ಲಿ ಹಂಗೇ. ಹೊಂದ್ಕತವೆ ಬುಡು," ಎಂದು ನನಗೆ ನಾನೇ ಹೇಳಿಕೊಂಡು, ಬಲೆಯ ಮುಚ್ಚಳ ಎಳೆದು, ಮಂಡಿಗೆ ಹೊತ್ತಾಯಿತೆಂದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಚಾಮರಾಜನಗರ ದಾಟಿದ ಮೇಲೆ ಆ ಮಾತು ಹಿಂದೆ ಎಲ್ಲಿ ಆಡಿದ್ದೆ ಎಂಬುದು ನೆನಪಾಯಿತು. ಮದುವೆಯಾದ ಹೊಸದರಲ್ಲಿ ತಂಗಿ ಗಂಡನ ಮನೆಯ ಹಿತ್ತಲಿನಿಂದ ದನಿ ತಗ್ಗಿಸಿ ಫೋನ್ ಮಾಡಿದ್ದಾಗ ಆಡಿದ್ದೆ. ಬಸ್ಸಿನಿಂದ ಇಳಿಯಬಹುದಿತ್ತು. ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಹೋದರೆ ತೊಟ್ಟಿಯಲ್ಲಿ ಕೆಂಪು ಬಾಲದ್ದು ಒಂದೇ. ಮೋಟಾರಿನ ವೈರು ಹಾದುಹೋಗುವ ಕಡೆ ಮುಚ್ಚಳ ಓರೆಯಾಗಿ ಕುಳಿತಿತ್ತು. ಸ್ಟ್ಯಾಂಡಿನ ಹಿಂದೆ ನೆಲದ ಮೇಲೆ, ಕಚ್ಚಿಸಿಕೊಂಡು ರೆಕ್ಕೆ ಹರಿದಿದ್ದ ಹಳೆಯದು ಒಣಗಿ ಬಿದ್ದಿತ್ತು. ಬಾಲದ ಕೆಂಪು ಆಗಲೇ ಕಂದಿತ್ತು. ಅವಳ ಬೆರಳಿನಿಂದ ತಿನ್ನುತ್ತಿದ್ದದ್ದು.

ಅದನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂತೆ. ಮುಚ್ಚಳ ಸರಿಮಾಡಿದೆ. ಥರ್ಮಕೋಲ್ ಡಬ್ಬವನ್ನು ನನ್ನ ಜೊತೆಗೇ ಒಯ್ದೆ. ಎರಡೂ ಒಂದೇ ಥರ ಇದ್ದವಲ್ಲ.

ಸಂಜೆ ತಂಗಿ ಬಂದು ಬೆರಳು ಅದ್ದಿದಳಂತೆ. ಮೀನು ಸಂದಿಗೆ ಓಡಿತಂತೆ. ಫೋನಿನಲ್ಲಿ ಕೇಳಿದಳು, "ಗಾಜು ಗೀಜು ತಟ್ಟಿದ್ಯೇನಣ್ಣ?" ಇಲ್ಲ ಅಂದೆ. ಅದಾದ ಮೇಲೆ ಪ್ರತಿ ಭಾನುವಾರವೂ ಅದನ್ನೇ ನೋಡಿದೆ. ಅವಳು ಸ್ಟೂಲು ಎಳೆದುಕೊಂಡು, ಬೆರಳ ತುದಿಯಲ್ಲಿ ಆಹಾರ ಹಿಡಿದು, ಕೈ ಸೋಲುವವರೆಗೂ ಕಾಯುತ್ತಿದ್ದಳು. ಅದು ಬರುತ್ತಿರಲಿಲ್ಲ.

ಒಂದು ಭಾನುವಾರ ಕೈ ಒರೆಸಿಕೊಳ್ಳುತ್ತ ಅಂದಳು, "ನಂದೇ ತಪ್ಪು. ಮೂರು ದಿನ ಬಿಟ್ಟು ಹೋಗಬಾರದಿತ್ತು. ಒಂದ್ಸಲ ನಂಬಿಕೆ ಹೋದ್ರೆ ಮತ್ತೆ ಬರಲ್ಲ."

ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ. "ಅದು ನಿನ್ನ ಮೀನಲ್ಲ ಕಣವ್ವ," ಅಂದೆ. ಎಲ್ಲ ಹೇಳಿದೆ, ದಾಸವಾಳದ ಬುಡದವರೆಗೂ.

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ತೊಟ್ಟಿಯನ್ನೇ ನೋಡುತ್ತ ಕೇಳಿದಳು, "ಅಂಗಡಿಯೋರು ಕೇಳಲಿಲ್ವಾ, ಈಗಾಗಲೇ ಒಂದಿದೆಯಾ ಅಂತ? ಕೇಳೇ ಕೇಳ್ತಾರೆ."

"ಕೇಳಿದ್ರು."

"ನೀನೇನಂದೆ?"

"ಇಲ್ಲ ಅಂದೆ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ನನ್ನ ಸಂಬಂಧ ತಂದೋರು? ಹುಡುಗೀನ ಒಂದು ಮಾತು ಕೇಳಿ ಅಂತ ಅವರೂ ಅಂದಿದ್ರಾ?"

ಅಂದಿದ್ದರು. ನಮ್ಮ ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿಯುತ್ತ, ಒಂದು ಸಲ ಕೇಳಿನೋಡಿ ಅಂದಿದ್ದರು. ಅವಳು ಒಳಗೇ ಇದ್ದಳು, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅವಳದು ಒಪ್ಪಿಗೇನೇ ಎಂದು ನಾನು ಹೇಳಿಬಿಟ್ಟಿದ್ದೆ.

"ಅಂದಿದ್ರು," ಅಂದೆ.

ಅವಳು ಅಳಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟಳು. ಊಟ ಬಡಿಸಿದಳು. ಉಪ್ಪಿನಕಾಯಿಯನ್ನೂ ಹಾಕಿದಳು. ನಾನು ಹೊರಡುವಾಗ ಬಾಗಿಲ ಹತ್ತಿರ ಬಂದು ಕೈ ಚಾಚಿದಳು. ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ.

ಆ ಮೀನು ಇನ್ನೂ ಇದೆ. ಅದರದೇನು ತಪ್ಪು, ಎಂದು ಅವಳೇ ಅದನ್ನು ಸಾಕುತ್ತಿದ್ದಾಳೆ. ಈಚೆಗೆ ಸಂದಿಯಿಂದ ಅರ್ಧ ಮೈ ಹೊರಗೆ ಹಾಕುತ್ತದಂತೆ, ಅವಳು ಒಬ್ಬಳೇ ಇದ್ದಾಗ ಮಾತ್ರ. ಅವಳು ಊರಿಗೆ ಹೋದರೆ ತೊಟ್ಟಿ ನೋಡಿಕೊಳ್ಳುವುದು ಪಕ್ಕದ ಮನೆಯವರು.

ಹೋದ ತಿಂಗಳು ಮಂಡಿಗೆ ಬಂದ ನೆಂಟರೊಬ್ಬರು, ನಿನ್ನ ತಂಗಿಗೆ ಒಂದು ಒಳ್ಳೆ ಕಡೆ ಅದೆ, ಏನಂತೀಯಾ ಅಂದರು. ಬಾಯಿ ತೆರೆದವನು ತಡೆದುಕೊಂಡೆ. ಅವಳ ನಂಬರು ಕೊಟ್ಟು, ಅವಳನ್ನೇ ಕೇಳಿ ಅಂದೆ. ಅವಳು ಬೇಡ ಅಂದಳಂತೆ. ನೆಂಟರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಭಾನುವಾರ ಈಗಲೂ ತರಕಾರಿ ಒಯ್ಯುತ್ತೇನೆ. ಬೆಲ್ ಒತ್ತಿ, ಚೀಲ ಕೆಳಗಿಟ್ಟು, ಹೊರಗೇ ನಿಲ್ಲುತ್ತೇನೆ. ಕೆಲವೊಮ್ಮೆ ಬಾಗಿಲು ತೆರೆಯಲು ತಡ ಮಾಡುತ್ತಾಳೆ. ಎರಡನೇ ಸಲ ಬೆಲ್ ಒತ್ತುವುದಿಲ್ಲ.