ಎರಡು ಕಂಬಗಳ ನಡುವಿನ ಹನ್ನೆರಡು ನಿಮಿಷ

ಬಾಳೆಲೆ ಕಡೆಯಿಂದ ಗೋಣಿಕೊಪ್ಪಲಿಗೆ ಹೋಗುವಾಗ ರಸ್ತೆಯ ಎಡಗಡೆಗೆ ಒಂದು ಕ್ಯಾಂಟೀನ್ ಇದೆ. ಅದರ ಎರಡನೇ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಮೂವತ್ತೊಂಬತ್ತು ನಿಮಿಷ. ನಾನು ಬೆಂಚಿನ ಮೇಲೆ ಕುಳಿತಿದ್ದೆ ಎಂದು ಆಮೇಲೆ ಒಂದಿಬ್ಬರು ಹೇಳಿದರು. ಇಲ್ಲ, ನಿಂತಿದ್ದೆ. ಕೈಯಲ್ಲಿ ಪೇಪರ್ ಇತ್ತು. ಅಲ್ಲಿಂದ ಮುಂದಕ್ಕೆ ನೋಡಿದರೆ, ಇನ್ನೂರು ಹೆಜ್ಜೆ ದೂರದಲ್ಲಿ, ಬೂದು ಬಣ್ಣದ ಕಂಬವೂ ಅದರ ತುದಿಯ ಎರಡು ಕ್ಯಾಮೆರಾಗಳೂ ಕಾಣುತ್ತವೆ. ಅದೇ ಜಾಗದಿಂದ, ನನ್ನ ಮುಂದೆ ಬಂದು ನಿಂತ ಜೀಪಿನ ಹಿಂಭಾಗ ಮಾತ್ರ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಇಳಿದು ಆರು ಹೆಜ್ಜೆ ನಡೆಯಬೇಕು. ಆಮೇಲೆ ಒಂದು ದಿನ ನಾನೇ ಹೋಗಿ ಎಣಿಸಿ ನೋಡಿದ್ದೇನೆ.

ಆ ಕಂಬಗಳು ಬಂದದ್ದು ಅದರ ಹಿಂದಿನ ಮಳೆಗಾಲ ಮುಗಿದ ಮೇಲೆ. ಒಂದು ಇಲ್ಲಿ, ಇನ್ನೊಂದು ಬಾಳೆಲೆ ಕಡೆಗೆ ಎಂಟು ಕಿಲೋಮೀಟರ್ ಹಿಂದೆ. ಎರಡರ ಕೆಳಗೂ ಈ ರಸ್ತೆ ಕ್ಯಾಮೆರಾ ಕಣ್ಗಾವಲಿನಲ್ಲಿದೆ ಎಂಬ ಬೋರ್ಡ್. ಪಕ್ಕದಲ್ಲಿ ನಲವತ್ತು ಎಂದು ಬರೆದ ಕೆಂಪು ವೃತ್ತ. ಇಷ್ಟು ಬಿಟ್ಟು ಯಾರೂ ಬಂದು ಏನೂ ಹೇಳಲಿಲ್ಲ. ಉಳಿದದ್ದನ್ನು ಜೀಪಿನ ಡ್ರೈವರ್‌ಗಳು ತಾವೇ ತೀರ್ಮಾನ ಮಾಡಿಕೊಂಡರು. ಮೊದಲನೇ ಕಂಬ ಗಾಡಿಯ ನಂಬರ್ ಹಿಡಿಯುತ್ತದೆ, ಎರಡನೇ ಕಂಬ ಮತ್ತೆ ಹಿಡಿಯುತ್ತದೆ, ನಡುವೆ ಎಷ್ಟು ಹೊತ್ತಾಯಿತು ಎಂದು ಎರಡೂ ಸೇರಿ ಲೆಕ್ಕ ಹಾಕುತ್ತವೆ. ಕಂಬದ ಹತ್ತಿರ ಮಾತ್ರ ನಿಧಾನ ಮಾಡಿದರೆ ಪ್ರಯೋಜನವಿಲ್ಲ. ದೊಡ್ಡ ಹೆದ್ದಾರಿಗಳಲ್ಲಿ ಹಾಗೆ ಇದೆಯಂತೆ ಎಂದು ಯಾರೋ ಮೊಬೈಲಿನಲ್ಲಿ ನೋಡಿದ್ದರು.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ನಮ್ಮ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ನೆಲೆ ನಿಂತರು. ನನ್ನನ್ನು ಕೆಲಸ ಈ ಕಡೆಗೆ ತಂದಿತು, ನಿವೃತ್ತಿಯಾದ ಮೇಲೆ ಇಲ್ಲೇ ಉಳಿದೆ. ದಿನಾ ಹತ್ತು ಗಂಟೆಗೆ ಕ್ಯಾಂಟೀನಿಗೆ ಬಂದು ಪೇಪರ್ ಓದುತ್ತೇನೆ. ಒಂದು ದಿನ ಒಬ್ಬ ಡ್ರೈವರ್ ನನ್ನ ಹತ್ತಿರ ಬಂದು, "ಮಾಷ್ಟ್ರೆ, ಎಂಟು ಕಿಲೋಮೀಟರಿಗೆ ನಲವತ್ತರಲ್ಲಿ ಬಂದ್ರೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದ. ಹನ್ನೆರಡು ನಿಮಿಷ, ಎಂದೆ. ಅಲ್ಲಿಂದ ಅದು ಶುರುವಾಯಿತು.

ಅವರು ನಿಧಾನ ಬರಲಿಲ್ಲ. ಮೊದಲಿನಂತೆ ಅರವತ್ತರಲ್ಲೇ ಬಂದರು. ಎಂಟು ನಿಮಿಷದಲ್ಲಿ ಕ್ಯಾಂಟೀನ್ ತಲುಪಿ, ಉಳಿದ ನಾಲ್ಕು ನಿಮಿಷವನ್ನು ಇಲ್ಲಿ ಟೀ ಕುಡಿದು ಕಳೆದು, ಆಮೇಲೆ ಕಂಬ ದಾಟಿದರು. ಮೊದಲನೇ ಕಂಬ ದಾಟುವಾಗ ಗಡಿಯಾರ ನೋಡಿಕೊಳ್ಳುವುದು, ಇಲ್ಲಿ ಬಂದು ನನಗೆ ಕೂಗುವುದು, ನಾನು ಹನ್ನೆರಡು ಕೂಡಿಸಿ ಹೇಳುವುದು. ಕೂಡಿಸಲು ಅವರಿಗೆ ಬರುವುದಿಲ್ಲ ಎಂದೇನಲ್ಲ. ಮಾಷ್ಟ್ರು ಹೇಳಿದರೆ ದಂಡದ ನೋಟಿಸ್ ಬರುವುದಿಲ್ಲ ಎಂಬ ನಂಬಿಕೆ ಬಂದುಬಿಟ್ಟಿತ್ತು, ಯಾಕೆಂದರೆ ಅದುವರೆಗೆ ಈ ರಸ್ತೆಯಲ್ಲಿ ಯಾರಿಗೂ ಬಂದಿರಲಿಲ್ಲ. ನನಗೆ ಅದು ಇಷ್ಟವಾಗಿತ್ತು. ಇದನ್ನು ಬರೆಯದೆ ಬಿಡಬಾರದು.

ಕ್ಯಾಂಟೀನ್ ನಡೆಸುವವರು ಮಲಯಾಳ ಮಾತಾಡುವ ಹೆಂಗಸು; ಊರಿಗೆಲ್ಲ ಚೇಚಿ, ಅಂದರೆ ಅಕ್ಕ. ಅವರಿಗೆ ವ್ಯಾಪಾರ ಹೆಚ್ಚಿತು. "ನೀವು ಹೀಗೇ ಕೂತಿರಿ ಮಾಷೆ, ನಿಮ್ಮ ಟೀಗೆ ಕಾಸು ಬೇಡ" ಎನ್ನುತ್ತಿದ್ದರು. ಬೆಂಚಿನಲ್ಲಿ ಯಾವಾಗಲೂ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇರುತ್ತಿದ್ದರು. ಗಾಡಿ ಬಂದು ನಿಂತ ಕೂಡಲೇ ಅವರು ತಮಾಷೆ ಶುರು ಮಾಡುತ್ತಿದ್ದರು.

"ಎಂಥ ಮಾರಾಯ, ಹೆಂಡತಿಗೆ ಇಷ್ಟು ಹೆದರಿದ್ರೆ ಮನೆ ಉದ್ಧಾರ ಆಗ್ತಿತ್ತು."

"ಹೆಂಡತಿ ಫೋಟೋ ತೆಗ್ದು ಮೈಸೂರಿಗೆ ಕಳ್ಸೋದಿಲ್ಲ ಅಣ್ಣ."

"ಮೊನ್ನೆ ಆನೆ ದಾಟಿತಲ್ಲ, ಅದು ಓಡಿಯೇ ದಾಟಿದ್ದು. ಅದಕ್ಕೂ ನೋಟಿಸ್ ಹೋಗುತ್ತಾ?"

"ಅದಕ್ಕೆ ನಂಬರ್ ಪ್ಲೇಟ್ ಇಲ್ಲ, ಬಚಾವ್."

ಆ ಮಂಗಳವಾರ ಬಂದ ಜೀಪಿನ ಡ್ರೈವರಿಗೆ ಈ ತಮಾಷೆ ಹಿಡಿಸುತ್ತಿರಲಿಲ್ಲ. ನಲವತ್ತು ದಾಟಿದವನು, ಇಬ್ಬರು ಹೆಣ್ಣುಮಕ್ಕಳ ತಂದೆ, ಬಾಳೆಲೆ ಕಡೆಯ ಒಂದು ಎಸ್ಟೇಟಿನ ಜೀಪು ಓಡಿಸುತ್ತಿದ್ದ. ಮೈಸೂರು ರಸ್ತೆಯಲ್ಲಿ ಹೋಗಿಬಂದದ್ದಕ್ಕೆ ಅವನ ಗಾಡಿಗೆ ಎರಡು ಸಲ ನೋಟಿಸ್ ಬಂದಿತ್ತು. ಮೂರನೆಯದು ಬಂದರೆ ಜೀಪಿನ ಕೀಲಿ ಇಟ್ಟು ಮನೆಗೆ ಹೋಗು ಎಂದು ಮಾಲೀಕರು ಹೇಳಿದ್ದರು. ಅಂದಿನಿಂದ ಅವನು ಕಂಬವನ್ನು ನೇರವಾಗಿ ನೋಡುತ್ತಲೂ ಇರಲಿಲ್ಲ.

ಹತ್ತು ಮೂವತ್ತೊಂಬತ್ತಕ್ಕೆ ಜೀಪು ಬಂದು ನಿಂತಿತು. ಎಂಜಿನ್ ಆರಿಸಲಿಲ್ಲ. ಡ್ರೈವರ್ ಎಡಗಡೆಗೆ ಬಾಗಿ, "ಮಾಷ್ಟ್ರೆ, ಮೂವತ್ತೊಂದು" ಎಂದ.

ನಾನು ಪೇಪರಿನಿಂದ ತಲೆ ಎತ್ತದೆ, "ನಲವತ್ತಮೂರಕ್ಕೆ ಬಿಡು" ಎಂದೆ.

ಅವನು ಇಳಿದ. ಕ್ಯಾಂಟೀನಿನ ನೀರಿನ ಡ್ರಮ್ಮಿನ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಕಂಡಕ್ಟರ್ ಏನೋ ಕೇಳಿದರು, ಅವನು ಮತ್ತೆ ನೀರಿಗೆ ಬಾಗಿದ. ಇವತ್ತು ಮೂಡ್ ಸರಿ ಇಲ್ಲ ಎಂದು ಅವರು ನನಗೆ ಹೇಳಿದರು. ನಾನು ತಲೆ ಆಡಿಸಿದೆ. ಪೇಪರಿನಲ್ಲಿ ಕರಿಮೆಣಸಿನ ದರ ಓದುತ್ತಿದ್ದೆ. ಜೀಪಿನ ಪಕ್ಕದ ಟಾರ್ಪಾಲು ಗಾಳಿಗೆ ಒಂದೆರಡು ಸಲ ಅಲುಗಾಡಿತು. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಬಂದಿದ್ದರೆ ನನಗೆ ಕೇಳಿಸುತ್ತಿತ್ತೇ, ಎಂಜಿನ್ ಶಬ್ದದಲ್ಲಿ ಮುಳುಗುತ್ತಿತ್ತೇ, ಖಚಿತವಾಗಿ ಹೇಳಲಾರೆ.

ಚೇಚಿ ಟೀ ಲೋಟ ಹಿಡಿದು ಹೊರಗೆ ಬಂದರು. ಡ್ರೈವರ್ ಅಷ್ಟರಲ್ಲಿ ಜೀಪಿನ ಆ ಬದಿಗೆ ಹೋಗಿದ್ದರಿಂದ ಹಿಂದುಗಡೆಯಿಂದ ಸುತ್ತಿ ಹೋದರು. ಅಲ್ಲಿ ನಿಂತುಬಿಟ್ಟರು.

"ಅಯ್ಯೋ, ಇದ್ಯಾರು? ಇವನಿಗೆ ಏನಾಯ್ತು?"

"ಬಿದ್ದಿದ್ದಾನೆ ಚೇಚಿ. ಮೆಣಸು ಕುಯ್ತಾ ಇದ್ದ. ಏಣಿ ಜಾರಿತು. ಆಸ್ಪತ್ರೆಗೆ ತಕೊಂಡು ಹೋಗ್ತಿದ್ದೀನಿ."

"ಆಸ್ಪತ್ರೆಗೆ ಹೋಗೋನು ಇಲ್ಲಿ ಯಾಕೆ ನಿಂತಿದ್ದೀಯ?"

ಡ್ರೈವರ್ ತಿರುಗಿ ನನ್ನ ಕಡೆ ನೋಡಿದ. ನಾನು ಕೈಗಡಿಯಾರ ನೋಡಿದೆ. ಹತ್ತು ನಲವತ್ತೆರಡು ಆಗಿತ್ತು. ನನ್ನ ಬಾಯಿಂದ ಬಂದ ಮಾತು ಇದು:

"ಇನ್ನೂ ಒಂದು ನಿಮಿಷ ಇದೆ."

ಚೇಚಿ ಕೈಯಲ್ಲಿದ್ದ ಟೀಯನ್ನು ರಸ್ತೆಗೆ ಚೆಲ್ಲಿ, "ನಿನ್ನ ನಿಮಿಷಕ್ಕೆ ಬೆಂಕಿ ಬೀಳ! ಹೋಗೋ, ಹೋಗು!" ಎಂದು ಕೂಗಿದರು. ಮೊದಲನೆಯದು ನನಗೆ, ಉಳಿದದ್ದು ಅವನಿಗೆ. ಅವನು ಹಾರಿ ಕುಳಿತು ಹೊರಟ. ಆಗ ನಾನು ಮೆಟ್ಟಿಲಿಳಿದಿದ್ದೆ, ಜೀಪಿನ ಹಿಂಭಾಗ ನನಗೆ ಕಂಡಿತು. ಗೋಣಿಚೀಲಗಳ ಮೇಲೆ ಒಬ್ಬ ಮಲಗಿದ್ದ. ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಇನ್ನೊಬ್ಬ ಕುಳಿತಿದ್ದ. ಕುಳಿತವನು ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಹೊರಗೆ ನಿಲ್ಲಿಸಿದಾಗ ಮಕ್ಕಳು ಒಳಗೆ ಕರೆಯುವವರೆಗೆ ನಮ್ಮ ಮುಖ ನೋಡುತ್ತಾರಲ್ಲ, ಹಾಗಿತ್ತು. ಜೀಪು ಕಂಬ ದಾಟಿದಾಗ ನಲವತ್ತಮೂರು ಆಗಿರಲಿಲ್ಲ.

ಬಿದ್ದವನು ಆ ದಿನ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ತೀರಿಕೊಂಡ. ಅಸ್ಸಾಮಿನ ಕಡೆಯಿಂದ ಮೆಣಸು ಕುಯ್ಯಲು ಬಂದಿದ್ದ ಅಣ್ಣತಮ್ಮಂದಿರಲ್ಲಿ ದೊಡ್ಡವನು. ಹೊಟ್ಟೆಯೊಳಗೆ ರಕ್ತ ತುಂಬಿತ್ತಂತೆ. ಡ್ರೈವರ್ ಡಾಕ್ಟರನ್ನು ಕೇಳಿದನಂತೆ, ಮೂರು ನಾಲ್ಕು ನಿಮಿಷ ಮುಂಚೆ ತಂದಿದ್ದರೆ ಎಂದು. ಅದರಿಂದ ವ್ಯತ್ಯಾಸ ಆಗುತ್ತಿತ್ತು ಎಂದು ಹೇಳಲಾಗದು ಎಂದರಂತೆ. ಡ್ರೈವರ್ ಅದನ್ನು "ಆಗ್ತಿರಲಿಲ್ಲ" ಎಂದು ನನಗೆ ತಿಳಿಸಿದ. ಅವೆರಡು ಒಂದೇ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಯಾಕೆ ನಿಲ್ಲಿಸಿದೆ?" ಎಂದು ನಾನು ಕೇಳಿದೆ.

"ನಾನು ನಿಲ್ಲಿಸಿದ್ದೇ ನನಗೆ ನೆನಪಿಲ್ಲ ಮಾಷ್ಟ್ರೆ. ಮೊದಲನೇ ಕಂಬದ ಹತ್ರ ಟೈಮ್ ನೋಡಿದ್ದು ನೆನಪಿದೆ. ಹಿಂದೆ ಅವನು ಹಾಗೆ ಮಲಗಿರುವಾಗ ನಾನು ಟೈಮ್ ನೋಡಿದ್ದೀನಿ." ಆಮೇಲೆ, "ನೀವಾದ್ರೂ ಕೇಳಬಹುದಿತ್ತು" ಎಂದ. ಸರಿ, ಕೇಳಬಹುದಿತ್ತು.

ಮಳೆ ಹಿಡಿಯುವ ಮೊದಲು ಕಂಬದ ಕೆಳಗಿನ ಪೆಟ್ಟಿಗೆ ತೆರೆದು ಒಬ್ಬ ರಿಪೇರಿ ಮಾಡುತ್ತಿದ್ದ. ನಾನು ಹತ್ತಿರ ಹೋಗಿ, ಈ ಎರಡು ಕಂಬ ಹೇಗೆ ಲೆಕ್ಕ ಹಾಕುತ್ತವೆ ಎಂದು ಕೇಳಿದೆ.

"ಯಾವ ಲೆಕ್ಕ ಸಾರ್?"

"ವೇಗದ್ದು."

"ಇದು ಸ್ಪೀಡ್ ಹಿಡಿಯೋದಲ್ಲ. ಎಷ್ಟು ಗಾಡಿ ಹೋಗ್ತವೆ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಜಾಮ್ ಆಗಿದೆ, ಅದನ್ನ ನೋಡೋಕೆ. ನಿಮಗೆ ಯಾರು ಹೇಳಿದ್ದು?"

ನಾನು ಕ್ಯಾಂಟೀನಿಗೆ ವಾಪಸು ಬಂದು ಇದನ್ನು ಹೇಳಿದೆ. ಕಂಡಕ್ಟರ್ ನಂಬಿದರು. ಡ್ರೈವರ್‌ಗಳು ನಂಬಲಿಲ್ಲ, ಅವರು ಹಾಗೇ ಹೇಳುವುದು, ನಾವು ಜೋರಾಗಿ ಓಡಿಸಿ ಸಿಕ್ಕಿಬೀಳಲಿ ಎಂದು, ಎಂದರು. ಈಗಲೂ ಇಲ್ಲಿ ನಿಲ್ಲಿಸುತ್ತಾರೆ. ಕೇಳಿದರೆ ನಾನು ಸಮಯ ಹೇಳುವುದಿಲ್ಲ. ಗಾಡಿ ಬಂದು ನಿಂತರೆ ಕೂತಲ್ಲಿ ಕೂರಲಾಗದೆ, ಎದ್ದು ಹಿಂದುಗಡೆಗೆ ಹೋಗಿ ಒಳಗೆ ಇಣುಕುತ್ತೇನೆ. ಹಲವು ಸಲ ಗೊಬ್ಬರದ ಚೀಲ ಇರುತ್ತದೆ. ಒಮ್ಮೆ ಎಸ್ಟೇಟ್ ಕೆಲಸದವರ ಲೈನ್ ಮನೆಗಳ ಹೆಂಗಸರು ಕುಳಿತಿದ್ದರು, ಏನು ಬೇಕು ತಾತ ಎಂದು ನಕ್ಕರು.

ಅಂದು ಜೀಪಿನ ಹಿಂದೆ ಕುಳಿತಿದ್ದವನು ಸತ್ತವನ ತಮ್ಮ; ಅವನು ಊರಿಗೆ ಹೋಗಲಿಲ್ಲ. ಅದೇ ಎಸ್ಟೇಟಿನಲ್ಲಿ ಉಳಿದ, ಒಂದು ವರ್ಷದಲ್ಲಿ ಕನ್ನಡ ಕಲಿತ. ಕಳೆದ ಕೊಯ್ಲಿನಲ್ಲಿ ಒಂದು ಭಾನುವಾರ, ಸಂತೆಯಿಂದ ಬರುತ್ತಾ ಕ್ಯಾಂಟೀನಿಗೆ ಬಂದು ನನ್ನ ಎದುರು ಕುಳಿತ.

"ಅವತ್ತು ಇಲ್ಲಿ ಗಾಡಿ ಯಾಕೆ ನಿಂತಿದ್ದು? ಪೋಲೀಸ್ ಇದ್ರಾ? ಗೇಟ್ ಇತ್ತಾ?"

ಪೋಲೀಸರು ಇರಲಿಲ್ಲ, ಗೇಟೂ ಇರಲಿಲ್ಲ ಎಂದೆ. ಡ್ರೈವರಿಗೆ ನೋಟಿಸಿನ ಭಯ ಇತ್ತು, ನಾನು ನಿಲ್ಲು ಎಂದು ಹೇಳಿದೆ, ಹಿಂದೆ ಯಾರಿದ್ದಾರೆ ಎಂದು ನೋಡಲಿಲ್ಲ, ಗೊತ್ತಾದ ಮೇಲೂ ಇನ್ನೊಂದು ನಿಮಿಷ ಇದೆ ಎಂದೆ. ಕಂಬ ವೇಗ ಹಿಡಿಯುವುದಲ್ಲ ಎಂಬುದನ್ನೂ ಹೇಳಿದೆ. ಅವನಿಗೆ ಅರ್ಥವಾಗುವಂತೆ ನಿಧಾನವಾಗಿ, ಎರಡು ಸಲ ಹೇಳಿದೆ.

"ಎಷ್ಟು ಹೊತ್ತು ನಿಂತಿತ್ತು?"

"ಮೂರು ನಿಮಿಷ, ಮೇಲೆ ಸ್ವಲ್ಪ."

"ಆಗ ಅಣ್ಣ ಮಾತಾಡ್ತಿದ್ದ" ಎಂದ. "ಇಲ್ಲಿ ನಿಂತಾಗ ಮಾತಾಡ್ತಿದ್ದ. ಆಸ್ಪತ್ರೆ ಬಂತಾ ಅಂತ ಕೇಳಿದ. ನಾನು ಬಂತು ಅಂದೆ."

ಅವನು ಎದ್ದು ಹೋದ. ಮತ್ತೆ ಈ ಕಡೆ ಬಂದಿಲ್ಲ. ಬಾಳೆಲೆ ಬಸ್ಸಿನಲ್ಲಿ ಕಂಡಾಗ ಮುಖ ತಿರುಗಿಸುತ್ತಾನೆ.

ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವರು ಇದ್ದಾರೆ. ಕಂಡಕ್ಟರ್ ಈ ಮಳೆಗಾಲದಲ್ಲಿ ತೀರಿಹೋದರು. ಅಂದು ಅಲ್ಲಿದ್ದು ಈಗಲೂ ಬದುಕಿರುವವರು ಮೂವರು: ಚೇಚಿ, ಅವರು ನನ್ನ ಹತ್ತಿರ ಮೊದಲಿನಷ್ಟು ಮಾತಾಡುವುದಿಲ್ಲ. ಡ್ರೈವರ್, ಈಗ ಸಿದ್ದಾಪುರದಲ್ಲಿ ಒಂದು ಗೋದಾಮಿನಲ್ಲಿ ಚೀಲ ಹೊಲಿಯುತ್ತಾನೆ. ಮತ್ತು ಆ ತಮ್ಮ.