ತಪ್ಪು ನೀರಿನದಲ್ಲ

ಕೊಪ್ಪಕ್ಕೆ ಬಂದಿಳಿದ ದಿನ ಬಾಡಿಗೆ ಮನೆಯ ಒಡತಿ ಸಾವಿತ್ರಮ್ಮ ಬಾಗಿಲಲ್ಲೇ ನಿಂತು ಒಳಗಿದ್ದವರಿಗೆ ಕೂಗಿ ಹೇಳಿದರು, "ಕೂಸು ಬಂತು!" ನನ್ನ ಕೈಯಲ್ಲಿದ್ದದ್ದು ಒಂದು ಸೂಟ್‌ಕೇಸು, ಒಂದು ರೊಟ್ಟಿ ಗಂಟು. ಎರಡನೆಯ ಸಲ ಬಸಿರು ಹೋಗಿ ಮೂರು ವಾರವೂ ಆಗಿರಲಿಲ್ಲ. ನಮ್ಮ ಗದಗ ಸೀಮೆಯಲ್ಲಿ ಕೂಸು ಎಂದರೆ ತೊಟ್ಟಿಲ ಮಗು. "ನನ್ನ ಮುಂದ ಕೂಸಿನ ಸುದ್ದಿ ತಗೀಬ್ಯಾಡ್ರಿ" ಎಂದು ಬೀದಿಗೆ ಕೇಳುವಂತೆ ಒದರಿಬಿಟ್ಟೆ.

ಅವರ ಮುಖ ಸಣ್ಣಗಾಯಿತು. "ನಮ್ಮನೆ ಮಾತಲ್ಲಿ ಕೂಸು ಅಂದ್ರೆ ಹೆಣ್ಣುಹುಡುಗಿ ಮಾರಾಯ್ತಿ. ನಿನ್ನನ್ನೇ ಹೇಳಿದ್ದು." ಅಂದಿನಿಂದ ನಾನು ಅವರಿಗೆ ಬರೀ "ಟೀಚರ್ರೇ". ಮಗಳೆಂದು ಕರೆದ ಒಬ್ಬರ ಬಾಯಿಯನ್ನು ಮೊದಲ ದಿನವೇ ಮುಚ್ಚಿಸಿದ್ದೆ.

ಗಂಡನಿಗೆ ವಿದ್ಯುತ್ ಕಚೇರಿ, ನನಗೆ ಹರಿಹರಪುರದ ಶಾಲೆ. ಊರಲ್ಲಿ ತಿಂಗಳಾದರೂ ಗರಿಗರಿ ಇರುವ ಖಡಕ್ ರೊಟ್ಟಿಗೆ ಇಲ್ಲಿ ನಾಲ್ಕೇ ದಿನಕ್ಕೆ ಬೂಷ್ಟು. ಅದನ್ನೆಲ್ಲ ನಕ್ಕು ಸಹಿಸಿದೆ. ಮೂರನೆಯ ಬಸಿರೂ ಮೊದಲಿನೆರಡರಂತೆ ಎಂಟನೆಯ ವಾರ ದಾಟದೆ ಹೋದ ಮೇಲೆ ನಗು ಬರಲಿಲ್ಲ.

"ಆ ಊರಿನ ನೀರ ನಿನಗ ಒಗ್ಗಂಗಿಲ್ಲ. ವರ್ಗಾ ಮಾಡಿಸ್ಕೊಂಡು ಬಾ" ಎಂದರು ಅತ್ತೆ ಫೋನಿನಲ್ಲಿ. ಮೊದಲಿನ ಎರಡು ಅವರ ಮನೆಯ ನೀರು ಕುಡಿದೇ ಹೋಗಿದ್ದವು. ಸಾವಿತ್ರಮ್ಮನ ತೀರ್ಪು ಬೇರೆ. "ಬಿಸಿಲ ಸೀಮೆ ಮೈ, ಉಷ್ಣ ಜಾಸ್ತಿ. ಆ ಖಾರ ಬಿಡಿ ಟೀಚರ್ರೇ." ಒಂದೆಲಗ ಅರೆದು ಮಜ್ಜಿಗೆ ಬೆರೆಸಿದ ತಂಬುಳಿ ತಂದುಕೊಟ್ಟರು. ಕುಡಿದೆ. ಅಲ್ಲಿಯವರು ಇಲ್ಲಿಯ ನೀರನ್ನು, ಇಲ್ಲಿಯವರು ಅಲ್ಲಿಯ ಖಾರವನ್ನು ದೂರಿದರು. ನನ್ನನ್ನು ಕೇಳಿದವರಿಲ್ಲ.

ಕೊನೆಗೆ ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆಯಾಯಿತು, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಆಯಿತು. ಎರಡು ಸಲವೂ ಅದೇ ಉತ್ತರ. ರೋಗದ ಮೇಲೆ ಏಳಬೇಕಾದ ಪ್ರತಿಕಾಯಗಳು ನನ್ನ ಮೇಲೆಯೇ ಎದ್ದಿದ್ದವು. ಮಗುವಿಗೆ ಆಹಾರ ಒದಗಿಸುವ ಮಾಸು ಬೇರು ಬಿಡುವ ಕಡೆ ಕೆಲಸ ಕೆಡಿಸಿ, ರಕ್ತ ಹೆಪ್ಪುಗಟ್ಟಿಸುತ್ತಿದ್ದವು. ಮುಂದಿನ ಬಸಿರಿಗೆ ದಿನಾ ಒಂದು ಸಣ್ಣ ಆಸ್ಪಿರಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚುಮದ್ದು.

"ಉಳೀತದೇನ್ರಿ?" ಎಂದೆ.

"ಖಾತ್ರಿ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ. ಸಾಧ್ಯತೆ ಹೆಚ್ಚು, ಅಷ್ಟೇ" ಎಂದರು ಡಾಕ್ಟರು.

ಬಸ್ಸಿನಲ್ಲಿ ಗಂಡ ಮೆಲ್ಲಗೆ ಹೇಳಿದ, "ನೀ ಹೂಂ ಅಂದ್ರ ಹೂಂ. ಬ್ಯಾಡಂದ್ರ ಇಬ್ರೇ ಇರೋಣು." ಅವನ ಒಳ್ಳೆಯತನಕ್ಕೂ ಸಿಟ್ಟು ಬಂತು. ನಾಲ್ಕನೆಯದನ್ನು ಕಳೆದುಕೊಳ್ಳುವ ಧೈರ್ಯ ನನ್ನಲ್ಲಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಇರಲಿಲ್ಲ.

ಅತ್ತೆಗೆ ತಿಳಿಸಿದೆ. "ಹೊಟ್ಟಿಗೆ ಸೂಜಿ ಚುಚ್ಚಿಸ್ಕೊಂಡು ಯಾರರ ಹಡೀತಾರನು? ಮೊದಲ ಆ ಊರು ಬಿಡು." ಆ ಮಾತಿಗೇ ನಿರ್ಧಾರವಾಯಿತು. ಆಸೆಯಿಂದಲ್ಲ, ಸಿಟ್ಟಿನಿಂದ ಗಂಡನಿಗೆ ಹೂಂ ಅಂದೆ. ಇನ್ನೊಂದು ಹೋದರೆ ಔಷಧವನ್ನು ಬೈಯುತ್ತೇನೆ, ಯಾವ ಊರಿನ ನೀರನ್ನೂ ಬೈಯುವುದಿಲ್ಲ.

ಈಗ ಹೊಟ್ಟೆಯ ತುಂಬ ನೀಲಿ ಕಲೆಗಳು. ಚುಚ್ಚಿಕೊಳ್ಳುವುದನ್ನು ನಾನೇ ಕಲಿತಿದ್ದೇನೆ. ಬಸಿರಿನ ಸುದ್ದಿ ಗದಗಕ್ಕೆ ಹೇಳಿದರೆ ಕರೆದೊಯ್ಯಲು ಬರುತ್ತಾರೆ, ಇಲ್ಲಿ ಹೇಳಿದರೆ ಪಥ್ಯ ಶುರುವಾಗುತ್ತದೆ. ಗಂಡನನ್ನು ಬಿಟ್ಟರೆ ನಿಮಗೇ ಹೇಳುತ್ತಿರುವುದು, ಅತ್ತೆಯ ಕಿವಿಗೆ ಹಾಕಬೇಡಿ. ಇದು ಹನ್ನೊಂದನೆಯ ವಾರ. ಎಂಟನೆಯ ವಾರದ ಆಚೆಗೆ ನಾನು ಯಾವ ಊರಿನಲ್ಲೂ ಬಂದವಳಲ್ಲ. ಇಲ್ಲಿ ನನಗೆ ದಾರಿ ಗೊತ್ತಿಲ್ಲ.