ಕಣ್ಣಿನಿಂದ ಹಿಡಿಯುವುದು

ದೀಪಾವಳಿಗೆ ಇನ್ನೂ ಮೂರು ವಾರವಿತ್ತು. ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಹೊಸ ಬೀಮಿನ ಮುಂದೆ ಕುಳಿತಿದ್ದ ದಾದಾಸಾಹೇಬನಿಗೆ ಬಲಗೈ ಬೆರಳುಗಳ ನಡುವೆ ಎಳೆ ಇದೆಯೋ ಇಲ್ಲವೋ ತಿಳಿಯದಾಯಿತು.

ಅವನದು ವಹಿಫಣಿ ಕೆಲಸ. ಮಗ್ಗದ ಮೇಲಿನ ನೂಲು ಮುಗಿದು, ನೂಲು ಸುತ್ತಿದ ಉರುಳೆಯಾದ ಹೊಸ ಬೀಮು ಬಂದಾಗ, ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಿಡಿದು ಹಳೆಯ ಎಳೆಗೆ ಗಂಟು ಹಾಕಬೇಕು, ಬಟ್ಟೆಯ ನಮೂನೆ ಬದಲಾದರೆ ಒಂದೊಂದನ್ನೂ ಬಾಚಣಿಗೆಯಂಥ ಹಣಿಗೆಯ ಸಂದಿನಲ್ಲಿ ಎಳೆದು ತರಬೇಕು. ಅದು ಮುಗಿಯುವ ತನಕ ಮಗ್ಗ ಸುಮ್ಮನೆ ನಿಂತಿರುತ್ತದೆ. ಇಪ್ಪತ್ತೇಳು ವರ್ಷ ಅವನು ಅದನ್ನೇ ಮಾಡಿದ್ದ. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು, ಅವನು ಪಕ್ಕದವರ ಜೊತೆ ಮಳೆ, ಕಬ್ಬು, ಮಗಳ ಸಂಸಾರ ಅಂತ ಮಾತಾಡುತ್ತ ಕೂಡುತ್ತಿದ್ದ.

ಆ ದಿನ ಹಾಕಿದ ಗಂಟುಗಳು ಬಿಚ್ಚಿಕೊಳ್ಳತೊಡಗಿದವು. ಬೆವರಿರಬೇಕೆಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಮತ್ತೆ ಬಿಚ್ಚಿದವು. ಬೆರಳು ನೋಡುತ್ತ ಹಾಕಿದರೆ ಗಂಟು ನಿಲ್ಲುತ್ತಿತ್ತು, ಕಣ್ಣು ಆಚೆ ಹೋದರೆ ಇಲ್ಲ. ಹಾಗೇ ನೋಡುತ್ತ ನೋಡುತ್ತ ಇನ್ನೂರು ಗಂಟು ಹಾಕಿದ. ಊಟಕ್ಕೆ ಕುಳಿತಾಗ ರೊಟ್ಟಿ ಮುರಿದದ್ದು ಕಂಡಿತು, ಮುರಿದ ಹಾಗೆ ಅನಿಸಲಿಲ್ಲ. ಬಲಗೆನ್ನೆಯೂ ಯಾರದೋ ಕೆನ್ನೆಯಂತಾಗಿತ್ತು. ಎದುರಿಗೆ ಕುಳಿತಿದ್ದ ಜೋತಿಬಾ, ಹತ್ತು ವರ್ಷದಿಂದ ಅವನ ಜೋಡಿ ಕೆಲಸ ಮಾಡುವವನು, ಅವನ ಬಾಯಿಯ ಮೂಲೆಯಿಂದ ಸಾರು ಇಳಿಯುವುದನ್ನು ನೋಡಿ ತಟ್ಟೆ ಸರಿಸಿ ಎದ್ದ. ಸಂಜೆಯೊಳಗೆ ದಾದಾಸಾಹೇಬ ಕೊಲ್ಲಾಪುರದ ದವಾಖಾನೆಯಲ್ಲಿದ್ದ.

ಮಿದುಳಿನ ಒಳಗೆ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡಿದೆ ಎಂದು ಡಾಕ್ಟರರು ಹೇಳಿದರು. ಕೈಗೆ ಶಕ್ತಿ ಇದೆ, ಆಡುತ್ತದೆ, ಆದರೆ ಮುಟ್ಟಿದ್ದು ಒಳಗೆ ತಲುಪುವುದಿಲ್ಲ. ಬರಬಹುದು, ಬಾರದೆಯೂ ಇರಬಹುದು. ಹೆಂಡತಿ ಬಾಳಕ್ಕ ಇದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಳು. ದಾದಾಸಾಹೇಬ ಒಂದೇ ಸಲ ಕೇಳಿದ. ಕೇಳಿ, ಕಿಟಕಿಯಾಚೆ ಒಣಗಲು ಹಾಕಿದ್ದ ಚಾದರಗಳನ್ನು ನೋಡುತ್ತ ಮಲಗಿದ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮಂದಿ ಬಂದು ಕಣ್ಣೀರು ಹಾಕಿ ಹೋದರು. ಅವರ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೆ.

ಮನೆಗೆ ಬಂದ ಮೇಲೆ ಒಂದೊಂದೇ ಕಲಿಯಬೇಕಾಯಿತು. ಅಂಗಿಯ ಗುಂಡಿ ಕೆಳಗಿನಿಂದ ಹಾಕಿಕೊಂಡು ಬಂದರೆ ತಪ್ಪುವುದಿಲ್ಲ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಸರಿಯುವುದಿಲ್ಲ. ಕರೆಂಟು ಹೋದರೆ ಕೈಯಲ್ಲಿದ್ದುದನ್ನು ಕೂಡಲೇ ಕೆಳಗಿಡಬೇಕು, ಕತ್ತಲಲ್ಲಿ ಆ ಕೈ ಇರುವುದೇ ಇಲ್ಲ. ಇದನ್ನು ಕಲಿಯುವಷ್ಟರಲ್ಲಿ ಎರಡು ಚಹಾ ಕಪ್ಪು ಒಡೆದಿದ್ದವು. ಕಿಸೆಯಲ್ಲಿ ಕೈ ಹಾಕಿದರೆ ಕೀಲಿಯೋ ಗುಳಿಗೆಯೋ ಗೊತ್ತಾಗದು, ಹಾಗಾಗಿ ಎಲ್ಲವನ್ನೂ ಎಡಗಡೆಗೆ ವರ್ಗಾಯಿಸಿದ. ವಾರಕ್ಕೊಮ್ಮೆ ಬಸ್ಸು ಹಿಡಿದು, ಹಾತಕಣಂಗಲೆ ದಾಟಿ, ವ್ಯಾಯಾಮಕ್ಕೆಂದು ಕೊಲ್ಲಾಪುರಕ್ಕೆ ಹೋಗುತ್ತಿದ್ದ. ಅಲ್ಲಿ ವ್ಯಾಯಾಮ ಮಾಡಿಸುವ ಮನಾಲಿ ಎಂಬ ಹುಡುಗಿ ಅವನ ಅಂಗೈ ಮೇಲೆ ಹತ್ತಿ, ಮರಳು, ಕಾಳು ಇಟ್ಟು ಏನೆಂದು ಕೇಳುತ್ತಿದ್ದಳು. ಕಣ್ಣು ಮುಚ್ಚಿದರೆ ಅವನಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಕಡೆಗೆ ಆಕೆ ಮರಾಠಿಯಲ್ಲಿ, ಬೆರಳಿನ ಆಸೆ ಸದ್ಯಕ್ಕೆ ಬಿಡಿ ಕಾಕಾ, ಇನ್ನು ಮೇಲೆ ಕಣ್ಣಿನಿಂದ ಹಿಡಿಯಿರಿ ಎಂದಳು. ಅವನು ಆಯಿತು ಎಂದ.

ಎಲ್ಲದಕ್ಕೂ ಅವನು ಆಯಿತು ಎನ್ನುತ್ತಿದ್ದ. ಬಾಳಕ್ಕನಿಗೆ ಅದೇ ತಾಳದಾಯಿತು. ಅವಳು ಮನೆಯಲ್ಲೇ ರಾಟೆ ಇಟ್ಟುಕೊಂಡು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವವಳು. ಮೊದಲೆಲ್ಲ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಅವನು ರೇಗುತ್ತಿದ್ದ. ಈಗ ಏನು ಬಡಿಸಿದರೂ ಉಂಡು ಏಳುತ್ತಿದ್ದ. ಒಂದು ದಿನ ಪರೀಕ್ಷೆಗೆಂದು ಉಪ್ಪೇ ಹಾಕದೆ ಬಡಿಸಿದಳು. ಅವನು ಉಂಡ. ಅವಳು ಒಳಗೆ ಹೋಗಿ ರಾಟೆಯ ಮುಂದೆ ಸುಮ್ಮನೆ ಕುಳಿತಳು.

ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ, ಒಂದು ಬೆಳಿಗ್ಗೆ, ಅವನು ಹಿತ್ತಲಲ್ಲಿ ಸ್ನಾನದ ನೀರು ಕಾಯುವ ಬಂಬಿನ ಪಕ್ಕ ಕಾಲುಮಣೆ ಹಾಕಿಕೊಂಡು ಕುಳಿತಿದ್ದ. ತಾಮ್ರದ ಹಂಡೆ, ನಡುವೆ ಬೆಂಕಿ. ಬೆಚ್ಚಗೆ ಹಿತವಾಗಿತ್ತು. ಏನೋ ಸೀದ ವಾಸನೆ ಬಂತು. ಒಲೆಯ ಮೇಲಿನ ರೊಟ್ಟಿ ಇರಬೇಕೆಂದು ಬಾಳಕ್ಕನನ್ನು ಕೂಗಿದ. ರೊಟ್ಟಿ ಇನ್ನೂ ಬಡಿದೇ ಇಲ್ಲ ಎನ್ನುತ್ತ ಅವಳು ಹೊರಗೆ ಬಂದು ನೋಡಿದರೆ, ಅವನ ಬಲಗೈ ಬಂಬಿನ ಮೈಗೆ ಒರಗಿಕೊಂಡಿತ್ತು.

ಕೈಯನ್ನು ಕಿತ್ತು ತಣ್ಣೀರಿನ ಬಕೀಟಿನಲ್ಲಿ ಅದ್ದಿ ಹಿಡಿದಳು. ಅಂಗೈ ಅಂಚಿನ ಚರ್ಮ ಬೆಳ್ಳಗಾಗಿ ಎದ್ದಿತ್ತು. ಅವನು ಅದನ್ನು ಬೇರೆಯವರ ಗಾಯ ನೋಡುವಂತೆ ನೋಡಿದ.

"ಉರೀತೈತೇನ್ರಿ?" ಎಂದಳು.

"ಇಲ್ಲ."

"ಬಿಸಿ ಐತಿ ಅಂತ ಹೇಳಾಕ ನಾ ದಿನಾ ನಿಮ್ಮ ಬಾಜೂಕ ಕುಂಡ್ರಾಕ ಆಗೂದಿಲ್ರಿ. ನಿಮ್ಮ ಕೈ ನಿಮಗ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳಿಬಿಡ್ರಿ."

ಹೇಳುತ್ತ ಹೇಳುತ್ತ ಅವಳು ಅತ್ತಳು. ಕಾಯಿಲೆ ಬಿದ್ದ ಮೇಲೆ ಅವನೆದುರು ಅವಳು ಅತ್ತದ್ದು ಅದೇ ಮೊದಲು. ಬಕೀಟಿನ ನೀರಿನಲ್ಲಿ ಅವಳ ಕೈ ಅವನ ಕೈಯನ್ನು ಬಿಗಿಯಾಗಿ ಹಿಡಿದಿರುವುದು ಅವನಿಗೆ ಕಾಣುತ್ತಿತ್ತು. ಎಡಗೈಯನ್ನೂ ನೀರಿಗೆ ಇಳಿಸಿ ಅವಳ ಬೆರಳು ಮುಟ್ಟಿದ. ತಣ್ಣಗಿದ್ದವು. ಇನ್ನು ಮುಂದೆ ಏನಿದ್ದರೂ ಮೊದಲು ಎಡಗೈ ಮುಟ್ಟಲಿ ಎಂದು ಅಂದೇ ಗೊತ್ತು ಮಾಡಿಕೊಂಡ. ಆ ಗಾಯ ಮಾಯಲು ಒಂದು ತಿಂಗಳೇ ಹಿಡಿಯಿತು.

ಆ ತಿಂಗಳಲ್ಲೇ ಗಡಹಿಂಗ್ಲಜದಲ್ಲಿ ಮಗಳು ಸ್ನೇಹಲ ಹೆತ್ತಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕಾದದ್ದು, ಅಪ್ಪನ ಸ್ಥಿತಿ ನೋಡಿ ಅವಳ ಅತ್ತೆಯೇ ಇಲ್ಲೇ ಇರಲಿ ಎಂದಿದ್ದಳು. ತೊಟ್ಟಿಲಿಗೆ ಹಾಕುವ ದಿನ ಇಬ್ಬರೂ ಹೋದರು. ಬಂದವರೆಲ್ಲ ಅಜ್ಜನ ತೊಡೆಯ ಮೇಲೆ ಕೂಸನ್ನು ಇಡಬೇಕೆಂದರು. ಸ್ನೇಹಲ ತಂದು ಅವನ ತೋಳಿನಲ್ಲಿಟ್ಟಳು. ಕೂಸಿನ ತಲೆ ಬಲಗಡೆಗಿತ್ತು. ಎಡಗೈಗೆ ಎರಡು ಸಣ್ಣ ಕಾಲುಗಳ ಬಿಸುಪು ತಿಳಿಯಿತು, ಬಲಗಡೆ ಏನೂ ಇರಲಿಲ್ಲ. ತಲೆ ಗಾಳಿಯಲ್ಲಿ ತೂಗುತ್ತಿದೆಯೋ ಏನೋ ಎಂದು ಅವನು ಕಣ್ಣು ಕೀಳದೆ ಅದನ್ನೇ ನೋಡುತ್ತ ಕುಳಿತ. ಎಲ್ಲರೂ ನಗುತ್ತಿದ್ದರು, ಅಜ್ಜನಿಗೆ ಮೊಮ್ಮಗಳ ಮೋಹ ನೋಡು ಎನ್ನುತ್ತಿದ್ದರು. ಅವನ ಒಳಗೆ ಮೋಹವೂ ಇರಲಿಲ್ಲ, ಬೀಳಿಸಬಾರದು ಎಂಬುದೊಂದೇ ಇತ್ತು.

ಮಂದಿ ಊಟಕ್ಕೆ ಎದ್ದ ಮೇಲೆ ಅದನ್ನು ಮಗಳಿಗೆ ಹೇಳಿಬಿಟ್ಟ.

"ಸ್ನೇಹಲ, ನನಗ ಏನೂ ಅನಿಸವಲ್ದವಾ. ಕೂಸು ನೋಡಿದ್ರೂ ಅನಿಸವಲ್ದು."

ಸ್ನೇಹಲ ಕೂಸಿನ ಕುಂಚಿಗೆ ಸರಿಮಾಡುತ್ತಿದ್ದಳು. ಅದರ ಲಾಡಿ ಕಟ್ಟಿ ಮುಗಿಸಿದಳು.

"ನನಗೂ ಮೊದಲ ಎಂಟ ದಿನಾ ಏನೂ ಅನಿಸಿದ್ದಿಲ್ಲಪ್ಪಾ," ಎಂದಳು ಆಮೇಲೆ. "ಯಾರಿಗೂ ಹೇಳಿಲ್ಲ. ಅತ್ತಾಗ ಎತ್ಕೊಂತಿದ್ನಿ, ಹಸಿದಾಗ ಕುಡಸ್ತಿದ್ನಿ, ಅಷ್ಟ. ನೀವೂ ಅಷ್ಟ ಮಾಡ್ರಿ."

ಕೂಸಿನ ತಲೆಯನ್ನು ಅವನ ಎಡ ಮೊಣಕೈಗೆ ಬರುವಂತೆ ತಿರುಗಿಸಿ ಇಟ್ಟು, ಅವಳು ನೀರು ಕುಡಿಯಲು ಒಳಗೆ ಹೋದಳು. ಅವನು ಅದು ಎಚ್ಚರಾಗುವವರೆಗೆ ಎತ್ತಿಕೊಂಡೇ ಇದ್ದ.

ಯುಗಾದಿಯ ಪಾಡ್ಯ ಕಳೆದು ಬಿಸಿಲು ಏರಿದ ಮೇಲೆ ಜೋತಿಬಾ ಮನೆಗೆ ಬಂದ. ಹೊಸ ನಮೂನೆಯ ಬೀಮು ಬಂದಿದೆ, ಎಳೆಗಳನ್ನೆಲ್ಲ ಹೊಸದಾಗಿ ಹಣಿಗೆಗೆ ಎಳೆಯಬೇಕು, ಎಳೆ ಕೊಡುವವರು ಸಿಗುತ್ತಿಲ್ಲ ಎಂದ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಬೀಮಿನ ಹಿಂದೆ ಕುಳಿತು ಒಂದೊಂದೇ ಎಳೆ ಬಿಡಿಸಿ ಮುಂದಕ್ಕೆ ಕೊಡುತ್ತಾನೆ. ಇನ್ನೊಬ್ಬ ಅದನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಳ್ಳುತ್ತಾನೆ. ಎಳೆಯುವವನು ನುರಿತವನು, ಕೊಡುವವನು ಹೊಸಬ. ಹತ್ತು ವರ್ಷದ ಹಿಂದೆ ಜೋತಿಬಾ ಅವನಿಗೆ ಎಳೆ ಕೊಡಲೆಂದೇ ಸೇರಿದ್ದ. ಬಾಳಕ್ಕ ಗಂಡನ ಮುಖ ನೋಡಿದಳು. ಅವಮಾನವಾದಂತೆ ಅವನಿಗೆ ಅನಿಸಲಿಲ್ಲ. ಆಯಿತು ಎಂದು ಚಪ್ಪಲಿ ಮೆಟ್ಟಿಕೊಂಡ.

ಎಡಗೈಗೆ ಎಳೆ ತಿಳಿಯುತ್ತಿತ್ತು. ಬಲಗೈ ಬರೀ ಎಳೆಗಳ ಜುಂಗು ಹಿಡಿದುಕೊಂಡು ಕೂಡಬೇಕು, ಅದಕ್ಕೆ ಆಗಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಮೊದಲ ದಿನ ಮೂರು ಸಲ ಎಳೆ ತಪ್ಪಿತು, ಜೋತಿಬಾ ಸುಮ್ಮನೆ ಬಿಚ್ಚಿ ಮತ್ತೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ದಾದಾಸಾಹೇಬನ ಕುತ್ತಿಗೆ ಹಿಡಿದುಕೊಂಡಿತ್ತು. ಹಿಂದೆ ಕೂಡುವವನು ತಲೆ ಬಗ್ಗಿಸಿಯೇ ಇರಬೇಕು, ಮುಂದಿನವನ ಕೊಕ್ಕೆಗಿಂತ ಅರ್ಧ ಕ್ಷಣ ಮೊದಲೇ ಎಳೆ ಅಲ್ಲಿರಬೇಕು, ಮಾತಿಗೆ ಉತ್ತರ ಕೊಡಲೂ ಬಿಡುವಿರುವುದಿಲ್ಲ. ಹೊಸಬನಾಗಿ ತಾನೂ ಹೀಗೆ ಕುಳಿತದ್ದನ್ನು, ಎದುರಿಗೆ ಕುಳಿತ ಇಷ್ಟು ವರ್ಷಗಳಲ್ಲಿ ಅವನು ಮರೆತೇಬಿಟ್ಟಿದ್ದ.

ಚಹಾ ಬಂದಾಗ, "ಜೋತಿಬಾ, ನಿನಗ ನಾ ಭಾಳ ಬೈದೇನಿ," ಎಂದ.

"ಬೈದೀರಿ ದಾದಾ," ಎಂದ ಜೋತಿಬಾ. "ಚಹಾ ಕುಡೀರಿ, ಸಂಜಿಮಟ ಮುಗಿಸೂನು."

ಬೀಮು ಸಂಜೆಗೆ ಮುಗಿಯಲಿಲ್ಲ, ಮರುದಿನ ಮುಗಿಯಿತು. ಆಮೇಲೆ ವಾರಕ್ಕೆ ಮೂರು ದಿನ, ನಾಲ್ಕು ದಿನ ಅವನು ಹೋಗತೊಡಗಿದ. ಕುತ್ತಿಗೆಗೆ ಬಾಳಕ್ಕ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ನೋವಾದರೆ ಅವನು ಈಗ ಹೇಳುತ್ತಿದ್ದ. ಇನ್ನಷ್ಟು ಜೋರಾಗಿ ತಿಕ್ಕು ಎಂದೂ ಒಮ್ಮೆ ರೇಗಿದ. ಅವಳು ಇನ್ನಷ್ಟು ಜೋರಾಗಿ ತಿಕ್ಕಿದಳು.

ಕೈ ಮಾತ್ರ ಇದ್ದ ಹಾಗೇ ಇದೆ. ಕೊಲ್ಲಾಪುರಕ್ಕೆ ಈಗ ತಿಂಗಳಿಗೊಮ್ಮೆ ಹೋದರೆ ಸಾಕು. ಕಳೆದ ಸಲ ಅಲ್ಲಿ ಹೊರಗಿನ ಬಾಕಿನ ಮೇಲೆ ದತ್ತವಾಡದ ಮುದಕವ್ವ ಎಂಬ ಮುದುಕಿ ಕುಳಿತಿದ್ದಳು. ಅವಳಿಗೆ ಒಂದು ಕಾಲು ತಿಳಿಯುವುದಿಲ್ಲ, ಹೊಲದಲ್ಲಿ ಚಪ್ಪಲಿ ಬಿಟ್ಟುಹೋದದ್ದೂ ಗೊತ್ತಾಗದೆ ಕಬ್ಬಿನ ಕೂಳೆ ತುಳಿದುಕೊಂಡು ಬಂದಿದ್ದಳು. ಹಿಂದೆ ಪಟ್ಟಿ ಇರುವ ಚಪ್ಪಲಿ ತಗೊಳ್ಳಿ, ಹತ್ತು ಹೆಜ್ಜೆಗೊಮ್ಮೆ ಕೆಳಗೆ ನೋಡಿ, ಮಲಗುವ ಮುಂಚೆ ಪಾದಕ್ಕೆ ಕನ್ನಡಿ ಹಿಡಿಯಿರಿ ಎಂದು ಅವನು ಹೇಳಿಕೊಟ್ಟ. ಮುದುಕಿ ಮೂರನ್ನೂ ಬೆರಳು ಮಡಚಿ ನೆನಪಿಟ್ಟುಕೊಂಡಳು. ಆಮೇಲೆ ಕೇಳಿದಳು:

"ಹಿಂಗ ಇರಾಕ ಬ್ಯಾಸರಾ ಬರೂದಿಲ್ಲೇನ್ ತಮ್ಮಾ?"

ಅವನು ಯೋಚಿಸಿದ. "ಬರತೈತೋ ಇಲ್ಲೋ, ಇನ್ನೂ ಗೊತ್ತಾಗವಲ್ದರಿ ಅವ್ವಾ," ಎಂದ.

ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. ಮುದುಕಿ ಏಳಲು ಕೈ ಚಾಚಿದಳು. ಅವನು ಎಡಗೈ ಕೊಟ್ಟು ಎಬ್ಬಿಸಿ, ಬಾಗಿಲತನಕ ಬಿಟ್ಟು ಬಂದು, ತನ್ನ ಪಾಳಿಗೆ ಕಾಯುತ್ತ ಕುಳಿತ.